ಅಪ್ಪ ಕೆತ್ತಿದ ಹಿಡಿ

ಹ್ಯಾರೋ ಊರಿನ ನಮ್ಮ ಮನೆಯ ಡ್ರಾಯರಿನಲ್ಲಿ ಇವತ್ತು ಅಪ್ಪ ತನ್ನ ರಿವಾಲ್ವರಿಗೆಂದು ಕೆತ್ತಿದ್ದ ಮರದ ಹಿಡಿ ಸಿಕ್ಕಿತು. ಅದಕ್ಕೆ ಹಚ್ಚಿದ್ದ ಅಗಸೆ ಎಣ್ಣೆಯ ವಾಸನೆ ಇನ್ನೂ ಪೂರ್ತಿ ಹೋಗಿಲ್ಲ.

ಅಪ್ಪ ಅದನ್ನು ಬಿಚ್ಚಿಟ್ಟಾಗ ನನಗೆ ಎಂಟು ವರ್ಷ. ಅಪ್ಪ ಶನಿವಾರಗಳಂದು ಕ್ಲಬ್ಬಿನಲ್ಲಿ ಕಾಗದದ ಗುರಿಗೆ ಹೊಡೆಯುತ್ತಿದ್ದ ಪಾಯಿಂಟ್ ಟೂ ಟೂ ಅಳತೆಯ ಸಣ್ಣ ರಿವಾಲ್ವರನ್ನು, ಜನ ಕೈಬಂದೂಕು ಇಟ್ಟುಕೊಳ್ಳುವುದನ್ನೇ ನಿಷೇಧಿಸಿದ ಹೊಸ ಬ್ರಿಟಿಷ್ ಕಾನೂನಿನಂತೆ, ಅಂದು ಮಧ್ಯಾಹ್ನ ಪೊಲೀಸರಿಗೆ ಒಪ್ಪಿಸಬೇಕಿತ್ತು. ತನ್ನ ಬೆರಳುಗಳ ಅಳತೆಗೆ ತಿಂಗಳುಗಟ್ಟಲೆ ಉಜ್ಜಿ ಮಾಡಿಕೊಂಡಿದ್ದ ಹಿಡಿಯನ್ನು ಬಿಚ್ಚಿಟ್ಟು, ಕೊಂಡಾಗ ಅದರೊಂದಿಗೆ ಬಂದಿದ್ದ ಹಿಡಿಯನ್ನೇ ಮತ್ತೆ ಕೂಡಿಸಿದ. ಆಮೇಲೆ ನಳಿಗೆಯೊಳಗೆ ಎಣ್ಣೆಬಟ್ಟೆ ತೂರಿಸಿ ಒರೆಸತೊಡಗಿದ.

ವಾಪಸ್ಸು ಕೊಡುತ್ತಾರಾ ಎಂದು ನಾನು ಇಂಗ್ಲಿಷಿನಲ್ಲಿ ಕೇಳಿದೆ.

“ಇಲ್ಲ, ಒಡದ ಹಾಕ್ತಾರ,” ಎಂದಳು ಅವ್ವ. ಅಪ್ಪನ ಕಡೆ ತಿರುಗಿ, “ಎಷ್ಟಂತ ಒರಸ್ತೀರಿ?”

“ಹೊಲಸ ಇಟಗೊಂಡು ಕೊಡಲಿಕ್ಕೆ ಬರ್ತದೇನ?” ಎಂದ ಅಪ್ಪ.

ಅಂದು ರಿವಾಲ್ವರಿನ ಮೇಲೆ ಕುಂಕುಮವಿದ್ದದ್ದು ನನಗೆ ನೆನಪಿದೆ. ಆದರೆ ಆಗ ಆಯುಧಪೂಜೆ ಮುಗಿದು ತಿಂಗಳುಗಳಾಗಿದ್ದವು. ಪೂಜೆಯ ದಿನವನ್ನೂ ಆ ದಿನವನ್ನೂ ನೆನಪಿನಲ್ಲಿ ನಾನೇ ಸೇರಿಸಿ ಹೊಲಿದಿರಬಹುದು.

ಮುಂದಿನ ವರ್ಷದ ಪೂಜೆ ಮಾತ್ರ ಖಚಿತವಾಗಿ ನೆನಪಿದೆ. ತಾಟಿನಲ್ಲಿ ಕಾರಿನ ಕೀಲಿಯ ಪಕ್ಕ ಅಪ್ಪ ಬರೀ ಹಿಡಿಯನ್ನಿಟ್ಟ. ಅವ್ವ ಅದಕ್ಕೂ ಕುಂಕುಮ ಹಚ್ಚಿದಳು.