ಬ್ರೇಕಿಗೆ ಕಟ್ಟಿದ ಬೆಲ್ಲು

ಇದು ನಡೆದದ್ದು. ನಂಬಿಕೆ ಬಾರದಿದ್ದರೆ ಹಗರಿಬೊಮ್ಮನಹಳ್ಳಿಯ ಅಶ್ಫಾಕನ ಸೈಕಲ್ ಅಂಗಡಿಗೆ ಹೋಗಿ ಕೇಳಿ; ಪಂಪಿನ ಮೇಲೆ ಕೈಯಿಟ್ಟು ಆಣೆ ಮಾಡುತ್ತಾನೆ. ಪಂಪಿನೊಳಗೆ ಇರುವುದು ಬರೀ ಗಾಳಿಯಲ್ಲವೇ ಎಂದು ನೀವು ಕೇಳಿದರೆ ಅದಕ್ಕೆ ಯಾರೂ ಹೊಣೆಯಲ್ಲ.

ಗುಮಾಸ್ತ ನಾಗೇಂದ್ರಪ್ಪ ಬ್ರೇಕು ಬಿಗಿ ಮಾಡಿಸಲು ಹೋದಾಗ ಅಶ್ಫಾಕನ ಆಟ ಶುರುವಾಗಿಯೇ ಬಿಟ್ಟಿತ್ತು. ಯಾರದೋ ಸೈಕಲ್ ಏರಿ, ಕತ್ತು ಸೆಟೆಸಿ, ಕಣ್ಣನ್ನು ಮುಂದಿನ ಗಾಲಿಗೆ ನೆಟ್ಟು, "ಇದು ನೀವು" ಅಂದ. ಮರುಗಳಿಗೆಗೆ ಹೊಟ್ಟೆ ಮುಂದೆ ಬಿಟ್ಟು, ಎರಡು ಸಲ ಒಣಗೆಮ್ಮು ಕೆಮ್ಮಿ, ಆಕಾಶ ನೋಡಿದ. "ಇದು ಓಬಳೇಶಪ್ಪ. ನಾ ಹಾಲು ತರಾಕ ಹೋದಾಗ ದಿನಾ ನೋಡ್ತೀನಿ. ಕೋಗಳಿ ರಸ್ತೆ ಸೇತುವಿ ಮ್ಯಾಲೆ ಇಬ್ರೂ ಎದುರಾಬದುರು. ಒಬ್ರು ನೆಲ ನೋಡ್ತೀರಿ, ಒಬ್ರು ಮುಗಿಲು!"

ಬೆಂಚಿನ ಮೇಲೆ ಚಹಾ ಕುಡಿಯುತ್ತಿದ್ದವರು ನಕ್ಕರು. ನಾಗೇಂದ್ರಪ್ಪ ನಗಲಿಲ್ಲ. ಡಾಕ್ಟರು ಸೈಕಲ್ ತುಳಿಯಿರಿ ಎಂದು ಹೇಳಿ ನಾಲ್ಕು ತಿಂಗಳಾಗಿತ್ತು. ಅದೇ ಡಾಕ್ಟರು ಅವನ ಊರಿನವನೇ ಆದ ಓಬಳೇಶಪ್ಪನಿಗೂ ಅದನ್ನೇ ಹೇಳಿದ್ದರು. ದಿನವೂ ಸೇತುವೆ ಹತ್ತಿರವಾದಂತೆ ನಾಗೇಂದ್ರಪ್ಪನಿಗೆ ಅದೇ ಚಿಂತೆ. ಕೈ ಎತ್ತಲೇ? ತಾನು ಎತ್ತಿ ಅವನು ಎತ್ತದಿದ್ದರೆ? ನಾಲ್ಕು ತಿಂಗಳಲ್ಲಿ ಶುಗರ್ ಇಳಿದಿತ್ತು, ಬಿಪಿ ಏರಿತ್ತು.

"ಬಸ್ಸಿನ ಡ್ರೈವರ್‌ಗಳು ನೋಡ್ರಿ ಅಣ್ಣಾರ, ಎದುರು ಬಂದ್ರ ಕೈ ಎತ್ತತಾರ," ಅಂದ ಅಶ್ಫಾಕ. "ಲಾರಿಯೋರು ಲೈಟ್ ಹೊಡಿತಾರ. ಸೈಕಲ್ಲಿನೋರಿಗೆ ಏನು ಬಂದೈತಿ ದೊಡ್ಡ ರೋಗ?"

"ಅವ ಮೊದ್ಲು ಮಾಡ್ಲಿ."

"ನೀವ ಮಾಡಿದ್ರ ಏನು ಸವೀತೈತಿ?"

ನಾಗೇಂದ್ರಪ್ಪ ತನ್ನ ಹಳೆಯ ಕಬ್ಬಿಣದ ಸೈಕಲ್ಲಿನ ಸೀಟು ತಟ್ಟಿದ. "ಲೇ, ಇದು ನಮ್ಮಪ್ಪಂದು. ನಮ್ಮೂರಾಗ ಓಬಳೇಶಪ್ಪನ ಮನಿ ಮುಂದ ನಮ್ಮ ಕೇರಿಯೋರು ಸೈಕಲ್ ಹತ್ತಿ ಹೋಗಂಗಿದ್ದಿಲ್ಲ. ಅಪ್ಪ ಇಳಿದು ನೂಕ್ಕಂತ ದಾಟ್ತಿದ್ದ. ಕಲ್ಲಿನ ಮ್ಯಾಲೆ ಹಾದ್ರ ಬೆಲ್ಲು ತಾನ ಟಿಣ್ ಅಂತಿತ್ತು. ಅದೂ ಕೇಳಬಾರದಂತ ಅಂಗೈ ಮುಚ್ಚಿ ಹಿಡಕಂತಿದ್ದ. ನಮ್ಮ ಮನಿ ಪಾಲಿನ ನಮಸ್ಕಾರ ಎಲ್ಲಾ ಅವತ್ತ ಮುಗದಾವು."

ಅಶ್ಫಾಕ ನಟ್ಟು ಬಿಗಿಯುವ ಪಾನಾ ತೆಗೆದುಕೊಂಡು ಬ್ರೇಕಿನ ಮುಂದೆ ಕುಕ್ಕರಗಾಲಲ್ಲಿ ಕುಳಿತ. ಆ ಹೊತ್ತಿನಲ್ಲಿ ಅವನ ಮುಖ ನೋಡಿದ್ದರೆ ನಾಗೇಂದ್ರಪ್ಪ ಸೈಕಲ್ಲನ್ನು ಅಲ್ಲಿಂದ ಎತ್ತಿಕೊಂಡೇ ಓಡುತ್ತಿದ್ದ. ಆದರೆ ನಾಗೇಂದ್ರಪ್ಪ ರಸ್ತೆ ನೋಡುತ್ತಿದ್ದ. ಕೂದಲೆಳೆಯಂಥ ತಂತಿಯೊಂದು ಬ್ರೇಕಿನ ಹಿಡಿಯಿಂದ ಹೊರಟು ಬೆಲ್ಲಿನ ಕಡ್ಡಿಗೆ ಸುತ್ತಿಕೊಂಡಿತು.

ಮರುದಿನ ಮುಂಜಾನೆ ಸೇತುವೆಯ ಅರ್ಧಕ್ಕೆ ಯಾರೋ ಜಲ್ಲಿ ಸುರಿದುಹೋಗಿದ್ದರು. ಉಳಿದದ್ದು ಒಂದೇ ಸೈಕಲ್ಲಿನ ದಾರಿ. ಆ ತುದಿಯಲ್ಲಿ ಒಣಗೆಮ್ಮು ಕೇಳಿಸಿತು. ಕಟ್ಟೆಯ ಮೇಲೆ ಹಾಲಿನ ಕ್ಯಾನು ಇಟ್ಟುಕೊಂಡು ಅಶ್ಫಾಕ ಏನೂ ಅರಿಯದವನಂತೆ ಕುಳಿತಿದ್ದ. ನಾಗೇಂದ್ರಪ್ಪ ಬ್ರೇಕು ಹಿಡಿದ.

ಟ್ರಿಣ್!

ತಾನು ಬೆಲ್ಲು ಮುಟ್ಟಿಲ್ಲ! ಗಾಬರಿಯಲ್ಲಿ ಮತ್ತೆ ಬ್ರೇಕು ಒತ್ತಿದ. ಟ್ರಿಣ್ ಟ್ರಿಣ್. ನಿಲ್ಲಿಸಲು ಹೋದಷ್ಟೂ ಅದು ಹೊಡೆದುಕೊಳ್ಳುತ್ತಿತ್ತು. ಎಡಗೈ ತಾನಾಗಿ ಹಾರಿಹೋಗಿ ಬೆಲ್ಲಿನ ಮೇಲೆ ಮುಚ್ಚಿಕೊಂಡಿತು. ಅಂಗೈಯ ಅಡಿಯಲ್ಲಿ ತಣ್ಣನೆಯ ಬಟ್ಟಲು. ಅಪ್ಪ ಹಿಡಿಯುತ್ತಿದ್ದದ್ದು ಹೀಗೆಯೇ.

ನಾಗೇಂದ್ರಪ್ಪನ ಮೈಯೆಲ್ಲ ಉರಿದುಹೋಯಿತು. ಕೈ ತೆಗೆದ. ಈ ಸಲ ಬೇಕೆಂದೇ ಬ್ರೇಕನ್ನು ಹಿಂಡಿದ, ಬಿಟ್ಟ, ಹಿಂಡಿದ. ಬೆಲ್ಲು ಸೇತುವೆಯುದ್ದಕ್ಕೂ ಬಡಿದುಕೊಂಡಿತು.

ಓಬಳೇಶಪ್ಪ ತಬ್ಬಿಬ್ಬಾದ. ದಾರಿ ಕೇಳುತ್ತಿದ್ದಾರೆಂದುಕೊಂಡನೋ ಏನೋ, ಕಾಲೂರಿದ, ಸೈಕಲ್ಲಿಂದ ಇಳಿದ, ಅದನ್ನು ಜಲ್ಲಿಯ ಅಂಚಿಗೆ ನೂಕಿಕೊಂಡು ಸರಿದು ನಿಂತ. ಬಲಗೈ ಎತ್ತಿ ಹಣೆಗೆ ತಂದ.

"ನಮಸ್ಕಾರ್ರಿ ನಾಗೇಂದ್ರಪ್ಪನೋರ. ನೀವು ದಾಟ್ರಿ ಮೊದ್ಲು."

ನಾಲ್ಕು ತಿಂಗಳು ಕಾದ ಮಾತು. ನಾಗೇಂದ್ರಪ್ಪ ಸೈಕಲ್ಲಿನ ಮೇಲೆಯೇ, ಇಳಿದು ನಿಂತವನ ಪಕ್ಕದಲ್ಲೇ ದಾಟಿದ. ಮರಳಿ ನಮಸ್ಕಾರ ಮಾಡಲು ಕೈ ಹ್ಯಾಂಡಲ್ ಬಿಡಲಿಲ್ಲ.

ಸಂಜೆ ಅವನು ಅಂಗಡಿಗೆ ಬಂದಾಗ ಅಶ್ಫಾಕ ಟೈರುಗಳ ಹಿಂದೆ ಅವಿತುಕೊಂಡ. "ಬೈಬ್ಯಾಡ್ರಿ ಅಣ್ಣಾರ, ಈಗ ಬಿಚ್ಚಿಕೊಡ್ತೀನಿ!"

"ತಂತಿ ಮುಟ್ಟಿದ್ರ ಕೈ ಮುರೀತೀನಿ. ಹೊರಗ ಬಾ. ಅವ ಹ್ಯಾಂಗ ಇಳಿದ, ಮಾಡಿ ತೋರ್ಸು."

ಅಶ್ಫಾಕ ಹಿಗ್ಗಿದ. ಕೆಮ್ಮಿದ, ಬೆಚ್ಚಿದ, ತಡವರಿಸಿ ಕಾಲೂರಿದ, ಹೊಟ್ಟೆ ಸಾವರಿಸಿಕೊಂಡು ಇಳಿದ. ಬೆಂಚು ಬಿದ್ದುಬಿದ್ದು ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾಗೇಂದ್ರಪ್ಪ.

"ಇನ್ನೊಂದ್ಸಲ ಇಳಿ."

ಇಳಿದ. ನಕ್ಕರು.

"ಇನ್ನೊಂದ್ಸಲ."

"ಅವ್ರು ನಮಸ್ಕಾರ ಮಾಡಿದ್ದೂ ಮಾಡ್ಲೇನ್ರಿ?"

"ಅದು ಬ್ಯಾಡ. ಇಳಿಯೋದಷ್ಟ ಮಾಡು."

ನಾಲ್ಕನೆಯ ಸಲ ಅಶ್ಫಾಕ ಇಳಿದಾಗ ಬೆಂಚಿನವರು ಖಾಲಿ ಲೋಟದೊಳಗೆ ನೋಡುತ್ತಿದ್ದರು. ನಾಗೇಂದ್ರಪ್ಪ ಇನ್ನೂ ನಗುತ್ತಲೇ ಇದ್ದ, ಕಣ್ಣಲ್ಲಿ ನೀರು ಬರುವಂತೆ, ಅಪ್ಪನ ಸೈಕಲ್ಲಿನ ಬೆಲ್ಲಿನ ಮೇಲೆ ಅಂಗೈ ಮುಚ್ಚಿಕೊಂಡು.