ಮೂರು ಮಾರು ಆಳದ ವಿಳಾಸ

ಕರಾವಳಿ ಮುಳುಗಿ ಹನ್ನೊಂದು ವರ್ಷವಾಗಿತ್ತು. ಊರಿಗೆ ಮರಳಲು ಒಪ್ಪಿದವರಿಗೆ ಸರ್ಕಾರ ಒಂದೊಂದು ತೇಲುಮನೆ ಕೊಡುತ್ತಿತ್ತು. ಮುಳುಗಿದ ಸ್ವಂತ ಮನೆಯ ನೆತ್ತಿಯ ಮೇಲೆ ಅದಕ್ಕೆ ಲಂಗರು ಹಾಕಿಕೊಂಡು ಬದುಕಬೇಕು. ಚಿತ್ರದುರ್ಗದ ನಿರಾಶ್ರಿತರ ಶಿಬಿರದಲ್ಲಿ ಅಂದು ಮೀನು ಮಾರುವ ರುಕ್ಕು ಮರಕಾಲ್ತಿಯ ಸರದಿ.

“ನಿಮ್ಮನೆ ಎಲ್ಲಿತ್ತು ಅನ್ನಾಕೆ ದಾಖಲೆನೇ ಇಲ್ಲವಲ್ಲಮ್ಮ,” ಎಂದ ಗುಮಾಸ್ತ ತಿಪ್ಪೇಶ. “ಕಾರವಾರದ ಕಡೆ ಸರ್ಕಾರಿ ತೇಲುಬಡಾವಣೆ ಐತೆ. ಸ್ವಇಚ್ಛೆಯಿಂದ ಅಲ್ಲಿಗೆ ಹೋಗ್ತೀನಿ ಅಂತ ಹೆಬ್ಬೆಟ್ಟು ಒತ್ತಿ.”

ರುಕ್ಕು ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡಳು. “ನಿಮ್ಮ ಇಚ್ಛೆಗೆ ನನ್ನ ಹೆಬ್ಬೆಟ್ಟಾ? ನಾ ಹೇಳ್ತೆ, ಬರ್ಕಣಿ. ದೀಪಸ್ತಂಭದ ತುದಿ ಕೊಡಚಾದ್ರಿ ನೆತ್ತಿಗೆ ನೇರ ಬರ್ಕ್. ಬಡಗು ಬದಿ ಬಂಡೆ, ಅದ್ರ ಹಿಂದಿನ ಗುಡ್ಡ ಒಂದೇ ಗೆರೆಗೆ ನಿಲ್ಕ್. ಈ ಎರಡೂ ಗೆರೆ ಕೂಡಿದ ಜಾಗದಲ್ಲಿ ಮೂರು ಮಾರು ಕೆಳಗೆ ನಮ್ಮನಿ.”

ಕಡಲಲ್ಲಿ ಬಲೆ ಬಿಡುವ ಜಾಗವನ್ನು ಅವಳ ಅಜ್ಜನ ಕಾಲದಿಂದಲೂ ಹೀಗೇ ಗುರುತಿಡುತ್ತಿದ್ದರು.

ತಿಪ್ಪೇಶ ಪೆನ್ನು ಕೆಳಗಿಟ್ಟ. “ಇದನ್ನ ವಿಳಾಸ ಅಂತ ಬರೆದ್ರೆ ಸಾಹೇಬ್ರು ನಂಬ್ತಾರಾ?”

“ನಂಬ್ದಿರೆ ತನಿಖೆಗೆ ಬರ್ಲಿ. ನಮ್ಮ ಜಗಲಿ ಮೇಲೇ ಲಂಗರು ಹಾಕ್ತೆ,” ಎಂದಳು ರುಕ್ಕು. “ಚಪ್ಲಿ ಮಾತ್ರ ದೋಣಿಯಲ್ಲೇ ಬಿಡ್ಕ್.”