ಸ್ಕೂಲು ಬಿಡೋ ಹೊತ್ತು

"ಅತ್ತಿ, ನಾಳಿಂದ ನೀವು ಸ್ಕೂಲಿಗೆ ನಡಕೊಂತ ಹೋಗೋದು ಬ್ಯಾಡ್ರಿ. ಹಾರಿಕಾಗೆ ಆಟೋ ಮಾತಾಡೀನಿ," ಎಂದಳು ಮಲ್ಲೇಶ್ವರಿ, ರೊಟ್ಟಿ ಬಡಿಯುತ್ತ. "ನೀವು ಕುಂಟೋದು ನೋಡಿದ್ರ ನನಗ ಸಂಕಟ ಆಗ್ತೈತಿ."

ಉಚ್ಚಮ್ಮನ ಬಾಯಿಗೆ ಹೋಗುತ್ತಿದ್ದ ಚಹಾದ ಲೋಟ ನಡುವೆಯೇ ನಿಂತಿತು. ಸೊಸೆಯ ಮನಸ್ಸು ಒಳ್ಳೆಯದು, ಅದೇ ಕಷ್ಟ. ಕೆಟ್ಟ ಸೊಸೆಯಾಗಿದ್ದರೆ ಜಗಳವನ್ನಾದರೂ ಆಡಬಹುದಿತ್ತು.

ಮಗ, ಸೊಸೆ ಇಬ್ಬರೂ ಕೆಲಸಕ್ಕೆ ಹೋಗುವವರು. ಮೊಮ್ಮಗಳನ್ನು ನೋಡಿಕೊಳ್ಳಲೆಂದು ಮದ್ದಿಕೇರದಿಂದ ಆದೋನಿಗೆ ಬಂದವಳು ಉಚ್ಚಮ್ಮ. ಈ ಬೀದಿಯಲ್ಲಿ ಹಗಲಿಡೀ ಬಾಗಿಲುಗಳು ಮುಚ್ಚಿರುತ್ತವೆ. ಟೀವಿಯಲ್ಲಿ ಮಾತಾಡುವವರಿಗೆ ಇವಳ ಮಾತು ಕೇಳಿಸದು. ಬಾಯಿ ಬಿಚ್ಚಲು ಇದ್ದದ್ದು ಸ್ಕೂಲ್ ಗೇಟಿನ ಎದುರಿನ ಬೇವಿನಕಟ್ಟೆ ಒಂದೇ. ಮೊಮ್ಮಕ್ಕಳನ್ನು ಕರೆದೊಯ್ಯುವ ಮುದುಕ ಮುದುಕಿಯರು ಗಂಟೆ ಹೊಡೆಯುವುದಕ್ಕೆ ಎಷ್ಟೋ ಮೊದಲೇ ಅಲ್ಲಿ ಸೇರುತ್ತಿದ್ದರು. ಶಾಂತಕ್ಕ ಎಲೆಯಡಿಕೆ ಚೀಲ ಬಿಚ್ಚುವಳು. ಕುರಿ ಮಾರಿ ಊರು ಬಿಟ್ಟು ಬಂದ ಮೌಲಾಲಿ, ತನ್ನ ಟಗರು ತಹಸೀಲ್ದಾರರನ್ನು ಗುಮ್ಮಿದ ಕಥೆಯನ್ನು ದಿನಕ್ಕೊಂದು ರೀತಿ ಹೇಳುವನು.

"ಆಟೋದಾಗ ಕೂಸಿಗೆ ವಾಂತಿ ಆಗ್ತೈತವ್ವ," ಎಂದಳು ಉಚ್ಚಮ್ಮ.

"ನಂಗೇನೂ ಆಗಲ್ಲ! ನಾನು ಮುಂದ ಕುಂದರ್ತೀನಿ!" ಹಾರಿಕಾ ಕುಣಿದಳು.

"ಆ ಆಟೋದವ್ರು ಗಾಳಿಯಂಗ ಓಡಿಸ್ತಾರ."

"ಓಡಿಸಾಂವ ನಿಮ್ಮೂರ ಆಂಜಿನೇಯನ್ರಿ. ಅವನ್ನ ಸೈಕಲ್ಲಿನವ್ರೂ ದಾಟಿ ಹೋಗ್ತಾರ."

"ನನ್ನ ಮಂಡಿಗೇನಾಗೈತಿ? ನೋಡಿಲ್ಲಿ!" ಎಂದು ಉಚ್ಚಮ್ಮ ಕುಕ್ಕರಗಾಲಲ್ಲಿ ಕೂತೇ ಬಿಟ್ಟಳು. ಕೂತದ್ದೇನೋ ಸರಿ. ಎಬ್ಬಿಸಲು ಮಗ ಶಿವಕೃಷ್ಣ ಬಚ್ಚಲಿನಿಂದ ಒದ್ದೆ ಮೈಯಲ್ಲೇ ಓಡಿ ಬರಬೇಕಾಯಿತು. ಆಟೋ ಖಾಯಂ ಆಯಿತು.

ಮರುದಿನ ಉಚ್ಚಮ್ಮ ಅಕ್ಕಿ ಆರಿಸಿದಳು. ಆರಿಸಿದ ಅಕ್ಕಿಯನ್ನೇ ಮತ್ತೆ ಆರಿಸಿದಳು. ಸ್ಕೂಲು ಬಿಡುವ ಹೊತ್ತು ಹತ್ತಿರವಾದಂತೆ ಕಾಲುಗಳು ತಾವೇ ಚಪ್ಪಲಿ ಹುಡುಕಿದವು. ಕಟ್ಟೆಯ ಬಳಿ ಬಂದಾಗ ನಾಚಿಕೆಯಾಯಿತು. ಯಾರೂ ಕೇಳದಿದ್ದರೂ, "ಕರಿಬೇವು ತರಾಕ ಬಂದಿದ್ದೆ," ಎಂದಳು. ಆಮೇಲೆ ತಡೆಯಲಾಗದೆ, "ನಮ್ಮ ಕೂಸಿಗೆ ಆಟೋ ಮಾಡ್ಯಾರ. ಇನ್ನ ನನಗಿಲ್ಲಿ ಏನ್ ಕೆಲಸ?"

ಮೌಲಾಲಿ ಮೀಸೆಯಲ್ಲೇ ನಕ್ಕ. "ಅದಕ್ಯಾಕ ಮಾರಿ ಸಣ್ಣ ಮಾಡೀ, ತಂಗಿ? ನನ್ನ ಮೊಮ್ಮಗ ಈ ಸ್ಕೂಲು ಬಿಟ್ಟು ಕರ್ನೂಲು ಹಾಸ್ಟೆಲಿಗೆ ಹೋಗಿ ಎಲ್ಡು ವರ್ಸ ಆತು."

ಉಚ್ಚಮ್ಮ ಬೆಪ್ಪಾದಳು. ಹೌದಲ್ಲ! ಈ ಮುದುಕ ಒಂದು ದಿನವೂ ಯಾವ ಮಗುವಿನ ಕೈಯನ್ನೂ ಹಿಡಿದು ಹೋದದ್ದನ್ನು ತಾನು ಕಂಡಿಲ್ಲ.

"ಬರೋದು ಬಿಟ್ರ ಟಗರಿನ ಕಥಿ ಗ್ವಾಡಿಗೆ ಹೇಳ್ಲೇನು?" ಎಂದು ಮೌಲಾಲಿ ಸರಿದು ಜಾಗ ಕೊಟ್ಟ.

ಅಂದು ಟಗರು ಕಲೆಕ್ಟರರವರೆಗೂ ಹೋಯಿತು. ನಗುತ್ತಿರುವಾಗಲೇ ಗಂಟೆ ಹೊಡೆಯಿತು, ಮಕ್ಕಳು ಆಟೋ ತುಂಬಿದರು. ಆಗ ಉಚ್ಚಮ್ಮ ಸೊಂಟ ಮುಟ್ಟಿ ನೋಡಿಕೊಂಡಳು: ಮನೆ ಕೀಲಿ ತನ್ನ ಸೊಂಟದಲ್ಲೇ ಇದೆ! ಆಟೋಗಿಂತ ಮೊದಲು ಮನೆ ಮುಟ್ಟುವುದು ಹೇಗೆ? ಅವಳು ಕೈ ಬೀಸುತ್ತ ಕುಂಟಿಕೊಂಡು ಓಡಿದಳು. ಆಂಜಿನೇಯ ಆಟೋ ನಿಲ್ಲಿಸಿ, "ಎಕ್ಕತ್ತಾ, ಎಕ್ಕು. ಹುಡುಗ್ರ ನಡುವ ಹತ್ತಿ ಕುಂದ್ರು," ಎಂದ.

ಆ ವಾರವೆಲ್ಲ ಹಾಗೇ ನಡೆಯಿತು. ಹೋಗುವಾಗ ನಡಿಗೆ, ಬರುವಾಗ ಆಟೋ. ಶನಿವಾರ ಮಾತ್ರ ಆಟೋ ನಿಂತಾಗ, ಬೀಗ ಹಾಕಿದ ಬಾಗಿಲ ಮುಂದೆ ಮಲ್ಲೇಶ್ವರಿ ನಿಂತಿದ್ದಳು; ಆಫೀಸಿನಿಂದ ಬೇಗ ಬಂದಿದ್ದಳು. ಬ್ಯಾಗು, ನೀರಿನ ಬಾಟಲಿ, ಮಕ್ಕಳ ಮೊಣಕೈಗಳ ನಡುವಿನಿಂದ ಉಚ್ಚಮ್ಮ ಒಂದೊಂದೇ ಕಾಲು ಹೊರಗೆ ತೆಗೆದಳು.

"ಅತ್ತಿ! ನೀವು ಎಲ್ಲಿಂದ್ರಿ?"

"ಅಮ್ಮಾ, ಅಜ್ಜಿನೂ ನಮ್ಮ ಸ್ಕೂಲಿಗೆ ಸೇರ್ಯಾಳ!" ಎಂದು ಹಾರಿಕಾ ಕೂಗಿದಳು.

ಸೊಸೆ ಅತ್ತೆಯ ಮುಖವನ್ನೇ ನೋಡಿದಳು. ಎಲೆಯಡಿಕೆಯಿಂದ ತುಟಿ ಕೆಂಪಾಗಿತ್ತು, ನಗು ಇನ್ನೂ ಇಳಿದಿರಲಿಲ್ಲ. ಬೈಯಲು ತೆರೆದ ಬಾಯಿ ಮೆತ್ತಗೆ ಬೇರೇನನ್ನೋ ಕೇಳಿತು: "ನಾಳಿನೂ ಹೋಗ್ತೀರೇನ್ರಿ?"

ಉಚ್ಚಮ್ಮನ ಮುಖ ಬಾಡಿತು. "ನಾಳೆ ಎಲ್ಲಿ ಹೋಗ್ಲವ್ವ," ಎಂದಳು. "ಆಯ್ತವಾರ. ನಮಗ ರಜಾ."